ಕೊಪಣನಾಡಿನ ಜೋಗುಳ: ಓದದವರ ಮೊದಲ ಪಾಠಶಾಲೆ

ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಕನ್ನಡ ನಾಡಿನ ಎಲ್ಲೆಗಳನ್ನು ಹೇಳಿ, ಆ ನಾಡಿನೊಳಗೂ ಕನ್ನಡದ ತಿರುಳಿನ ನೆಲೆಯೆಂದು ನಾಲ್ಕು ಊರುಗಳನ್ನು ಎಣಿಸುತ್ತದೆ: ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಕೊಪಣವೇ ಇಂದಿನ ಕೊಪ್ಪಳ ಎಂಬುದು ವಿದ್ವಾಂಸರಿಗೆಲ್ಲ ತಿಳಿದ ಸಂಗತಿ. ಅಲ್ಲಿಯೇ ಆ ಗ್ರಂಥವು ಈ ನಾಡಿನ ಜನರ ಬಗೆಗೆ ಎರಡು ಮಾತು ಹೇಳುತ್ತದೆ. ಇವರು ಶಾಸ್ತ್ರ ಹಿಡಿದು ಓದದೆಯೂ ಕಾವ್ಯಪ್ರಯೋಗದಲ್ಲಿ ಪರಿಣತರು ಎಂಬುದು ಒಂದು. ಇಲ್ಲಿನ ಎಳೆಯ ಮಕ್ಕಳೂ ನುಡಿಯ ವಿವೇಕವನ್ನು ಬಲ್ಲರು ಎಂಬುದು ಇನ್ನೊಂದು. ಮೊದಲ ಮಾತನ್ನು ನಾವು ನೂರಾರು ಭಾಷಣಗಳಲ್ಲಿ ಉದ್ಧರಿಸಿದ್ದೇವೆ. ಎರಡನೆಯದನ್ನು ಹೆಮ್ಮೆಯ ಅತಿಶಯೋಕ್ತಿಯೆಂದು ದಾಟಿ ಹೋಗಿದ್ದೇವೆ.

ನನಗೆ ಅದು ಅತಿಶಯೋಕ್ತಿಯೆಂದು ತೋರುವುದಿಲ್ಲ. ಓದು ಬಾರದ ಮನೆಯಲ್ಲಿ ಹುಟ್ಟಿದ ಕೂಸಿಗೆ ಛಂದಸ್ಸಿನ ಗತಿ, ಪ್ರಾಸದ ನಿರೀಕ್ಷೆ, ಪಲ್ಲವಿಯು ಮರಳಿ ಬರುವ ಹಿಗ್ಗು ಇವೆಲ್ಲ ಎಲ್ಲಿಂದ ಬಂದವು? ಈ ಪ್ರಶ್ನೆಗೆ ಒಂದೇ ಉತ್ತರವಿದೆ: ತೊಟ್ಟಿಲಿನಿಂದ. ಜೋಗುಳವು ಜಾನಪದದ ಒಂದು ಚಿಕ್ಕ ಪ್ರಕಾರ ಮಾತ್ರವಲ್ಲ, ಕನ್ನಡ ಸಾಹಿತ್ಯ ಚರಿತ್ರೆಯ ಮೊದಲ ಅಧ್ಯಾಯದಲ್ಲಿ ಕಾಣಬೇಕಾದ ಸಂಗತಿ ಎಂಬುದು ನನ್ನ ವಾದ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಆ ಅಧ್ಯಾಯವನ್ನು ಬರೆದುಕೊಳ್ಳಲು ನಮಗೆ ಉಳಿದಿರುವ ಕಾಲ ಬಹಳ ಕಡಿಮೆ ಎಂಬುದು ನನ್ನ ಆತಂಕ.

ಮಲಗಿದ ಮರುದೇವಿ

ನಮ್ಮ ಪ್ರಾಚೀನ ಕವಿಗಳು ಹಾಡಿನ ಶಕ್ತಿಯನ್ನು ಅರಿಯದವರಲ್ಲ. 941ರ ‘ಆದಿಪುರಾಣ’ದಲ್ಲಿ ಪಂಪನು ನೀಲಾಂಜನೆಯ ನೃತ್ಯವನ್ನು ವೈರಾಗ್ಯಕ್ಕೆ ಬಾಗಿಲಾಗಿಸಿದ. 1209ರ ‘ಯಶೋಧರ ಚರಿತೆ’ಯಲ್ಲಿ ಜನ್ನನು ಇರುಳಿನಲ್ಲಿ ಕೇಳಿಬಂದ ಮಾವುತನೊಬ್ಬನ ಗಾನವನ್ನು ಅಮೃತಮತಿಯ ಮೋಹಕ್ಕೆ ಬೀಜವಾಗಿಸಿದ. ‘ವಡ್ಡಾರಾಧನೆ’ಯ ಸುಕುಮಾರಸ್ವಾಮಿಯ ಕಥೆಯಲ್ಲಂತೂ ತಾಯಿ ಯಶೋಭದ್ರೆ ಮಗನನ್ನು ಲೋಕದ ಕಣ್ಣಿಗೆ ಬೀಳಿಸದೆ ಪ್ರಾಸಾದದೊಳಗೆ ಸಾಕಿಕೊಂಡಿದ್ದರೂ, ಇರುಳಿನಲ್ಲಿ ಮುನಿಯೊಬ್ಬನು ಓದುತ್ತಿದ್ದ ಪ್ರಜ್ಞಪ್ತಿಯ ದನಿ ಗೋಡೆಗಳನ್ನು ದಾಟಿ ಬಂದು ಅವನಿಗೆ ಹಿಂದಿನ ಭವದ ನೆನಪನ್ನು ತರುತ್ತದೆ. ಕಣ್ಣಿಗೆ ಬೇಲಿ ಹಾಕಬಹುದು, ಕಿವಿಗೆ ಹಾಕಲಾಗದು ಎಂಬ ಸತ್ಯವನ್ನು ಆ ಹಳೆಯ ಗದ್ಯಕಾರನು ಚೆನ್ನಾಗಿ ಬಲ್ಲವನಾಗಿದ್ದ.

ಹೀಗೆ ವೈರಾಗ್ಯಕ್ಕೂ ಮೋಹಕ್ಕೂ ಸ್ಮರಣೆಗೂ ನಾದವನ್ನು ಕಾರಣವಾಗಿಸಿದ ಕಾವ್ಯಪರಂಪರೆಯಲ್ಲಿ ತಾಯಿಯ ಹಾಡಿಗೆ ಎಷ್ಟು ಎಡೆಯಿದೆ? ಆದಿಜಿನನ ಜನನಪ್ರಸಂಗವನ್ನೇ ನೋಡಿ. ಷೋಡಶ ಸ್ವಪ್ನಗಳನ್ನು ಕಂಡವಳು ಮರುದೇವಿ, ಹೆತ್ತವಳೂ ಅವಳೇ. ಆದರೆ ಜನ್ಮಾಭಿಷೇಕದ ಹೊತ್ತಿಗೆ ಶಚೀದೇವಿ ಬಂದು ಅವಳಿಗೆ ಮಾಯಾನಿದ್ರೆಯನ್ನು ತಂದು, ಮಗ್ಗುಲಲ್ಲಿ ಮಾಯಾಶಿಶುವನ್ನು ಇರಿಸಿ, ನಿಜವಾದ ಕೂಸನ್ನು ಎತ್ತಿಕೊಂಡು ಹೋಗುತ್ತಾಳೆ. ಮೇರುವಿನ ಮೇಲೆ ದೇವದುಂದುಭಿ ಮೊಳಗುತ್ತದೆ, ಗಂಧರ್ವರು ಹಾಡುತ್ತಾರೆ, ಅಪ್ಸರೆಯರು ಕುಣಿಯುತ್ತಾರೆ. ತಾಯಿಯೊಬ್ಬಳು ಮಾತ್ರ ನಿದ್ರಿಸುತ್ತಿದ್ದಾಳೆ. ಮುಂದೆ ಅಕ್ಷರವಿದ್ಯೆಯ ಪ್ರಸಂಗ ಬಂದಾಗ ತಂದೆಯಾದ ವೃಷಭನಾಥನು ಬ್ರಾಹ್ಮಿಗೆ ಲಿಪಿಯನ್ನೂ ಸುಂದರಿಗೆ ಅಂಕಗಳನ್ನೂ ಕಲಿಸುತ್ತಾನೆ. ಅಕ್ಷರ ತಂದೆಯಿಂದ ಬಂತೆಂದು ಪುರಾಣವು ದಾಖಲಿಸಿತು. ಅಕ್ಷರಕ್ಕೆ ಮೊದಲೇ ಆ ಹೆಣ್ಣುಮಕ್ಕಳ ಕಿವಿಯಲ್ಲಿ ತುಂಬಿದ್ದ ದನಿ ಯಾರದೆಂದು ಅದು ಕೇಳಲಿಲ್ಲ.

ಇದನ್ನು ನಾನು ದೂರಾಗಿ ಹೇಳುತ್ತಿಲ್ಲ. ಮಹಾಪುರಾಣದ ಉದ್ದೇಶವೇ ಬೇರೆ. ಆದರೆ ಪುರಾಣ ಬಿಟ್ಟುಹೋದುದನ್ನು ಹೆಂಗಸರು ತುಂಬಿಕೊಂಡ ಬಗೆ ಗಮನಾರ್ಹವಾದುದು. ಪಂಚಕಲ್ಯಾಣ ಮಹೋತ್ಸವಗಳಲ್ಲಿ ಜನ್ಮಕಲ್ಯಾಣದ ಅಂಗವಾಗಿ ಬಾಲಜಿನನನ್ನು ತೊಟ್ಟಿಲಿಗೆ ಹಾಕಿ ಶ್ರಾವಕಿಯರು ಜೋಗುಳ ಹಾಡುತ್ತಾರೆ. ಇದೇ ಸೀಮೆಯ ಲಿಂಗಾಯತ ಮನೆಗಳ ಹೆಂಗಸರು ಬಸವಜಯಂತಿಯಂದು ಬಾಲಬಸವನ ತೊಟ್ಟಿಲು ತೂಗುತ್ತಾರೆ. ಹರಿದಾಸರು ಕೃಷ್ಣನಿಗೆ ಜೋಗುಳಗಳನ್ನೇ ಕಟ್ಟಿದರು. ಮಾರ್ಕಂಡೇಯ ಪುರಾಣದ ಮದಾಲಸೆ ತೊಟ್ಟಿಲ ಕೂಸಿಗೆ ಆತ್ಮತತ್ತ್ವವನ್ನೇ ಉಪದೇಶಿಸಿದಳು. ಮತಗಳು ಬೇರೆಯಾದರೂ ತೊಟ್ಟಿಲ ಹಗ್ಗ ಹಿಡಿದ ಕೈ ಒಂದೇ ಬಗೆಯದು. ದೇವರನ್ನು ಕೂಸಾಗಿಸಿ ತೂಗಿದಾಗ ಮಾತ್ರ ಹೆಂಗಸಿನ ಹಾಡಿಗೆ ಮಂಟಪದಲ್ಲಿ ಜಾಗ ಸಿಕ್ಕಿತು. ಮನೆಯ ಕೂಸನ್ನು ತೂಗುವ ಹಾಡು ಮಾತ್ರ ಮನೆಯೊಳಗೇ ಉಳಿಯಿತು.

ಉರ್ದು ಕಚೇರಿ, ಕನ್ನಡ ತೊಟ್ಟಿಲು

ಈ ನಾಲ್ಕು ತಾಲ್ಲೂಕುಗಳ ಇತಿಹಾಸದಲ್ಲಿ ಜೋಗುಳಕ್ಕೆ ಇನ್ನೊಂದು ಹೊಣೆಯೂ ಬಿದ್ದಿತ್ತು. 1948ರವರೆಗೆ ಈ ಪ್ರದೇಶ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಕೊಪ್ಪಳ, ಯಲಬುರ್ಗಾಗಳು ಸಾಲಾರ್‌ಜಂಗ್ ಮನೆತನದ ಜಹಗೀರಿಗೆ ಸೇರಿದ್ದವು. ಕಚೇರಿಯ ಭಾಷೆ ಉರ್ದು, ನ್ಯಾಯಾಲಯದ ಭಾಷೆ ಉರ್ದು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಮಾಧ್ಯಮವೂ ಉರ್ದುವೇ. ಉರ್ದು ಶ್ರೀಮಂತ ಭಾಷೆ, ಅದನ್ನು ಕಲಿತ ನಮ್ಮ ಹಿರಿಯರು ಅದರಿಂದ ಬಹಳ ಪಡೆದರು. ಆದರೂ ತಿರುಳ್ಗನ್ನಡದ ನಾಡಿನಲ್ಲಿ ಓದಿನ ಮೇಲಿನ ಮೆಟ್ಟಿಲುಗಳಲ್ಲಿ ಕನ್ನಡವೇ ಇರಲಿಲ್ಲ ಎಂಬುದು ಮರೆಯತಕ್ಕ ಸಂಗತಿಯಲ್ಲ. ಆ ಕಾಲದಲ್ಲಿ ಕನ್ನಡವು ಕನ್ನಡವಾಗಿ ಉಳಿದದ್ದು ಮಠದಲ್ಲಿ, ಭಜನೆಯಲ್ಲಿ, ಬಯಲಾಟದಲ್ಲಿ. ಎಲ್ಲಕ್ಕಿಂತ ಮಿಗಿಲಾಗಿ ಬೀಸುವ ಕಲ್ಲಿನ ಮುಂದೆ ಮತ್ತು ತೊಟ್ಟಿಲ ಬದಿಯಲ್ಲಿ.

ಇದಕ್ಕೆ ಸಾಕ್ಷಿಯಾಗಿ ಒಬ್ಬರನ್ನು ನೆನೆಯುತ್ತೇನೆ. ‘ಕಾವ್ಯಾನಂದ’ ಸಿದ್ಧಯ್ಯ ಪುರಾಣಿಕರು 1918ರಲ್ಲಿ ಯಲಬುರ್ಗಾ ತಾಲ್ಲೂಕಿನ ದ್ಯಾಂಪುರದಲ್ಲಿ ಹುಟ್ಟಿದವರು. ಉರ್ದುವಿನಲ್ಲಿ ಪಳಗಿದವರು, ಹೈದರಾಬಾದ್ ಸಂಸ್ಥಾನದ ಆಡಳಿತ ಸೇವೆಯಲ್ಲಿದ್ದು ಮುಂದೆ ಕರ್ನಾಟಕದ ಹಿರಿಯ ಅಧಿಕಾರಿಯಾದವರು, 1987ರಲ್ಲಿ ಕಲಬುರ್ಗಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ವಚನ, ಕಾವ್ಯ, ಗದ್ಯ ಎಲ್ಲವನ್ನೂ ಬರೆದ ಈ ಪಂಡಿತರು ಮಕ್ಕಳಿಗಾಗಿಯೂ ಪದ್ಯಗಳನ್ನು ಬರೆದರು. ಆ ಸಂಕಲನಗಳ ಹೆಸರುಗಳನ್ನು ಒಮ್ಮೆ ಗಟ್ಟಿಯಾಗಿ ಓದಿ: ‘ತುಪ್ಪಾ ರೊಟ್ಟಿ ಗೇ ಗೇ’, ‘ಗಿಲ್ ಗಿಲ್ ಗಿಲಿಗಿಲಿ’, ‘ತಿರುಗೆಲೆ ತಿರುಗೆಲೆ ತಿರುಗುಯ್ಯಾಲೆ’. ಇವು ಪಂಡಿತನ ಅಭ್ಯಾಸದ ಕೋಣೆಯಲ್ಲಿ ಹುಟ್ಟುವ ಹೆಸರುಗಳಲ್ಲ. ಕೂಸಿನ ಅಂಗೈ ಹಿಡಿದು ಆಡಿಸುವಾಗ, ಗಿಲಕಿ ಅಲ್ಲಾಡಿಸುವಾಗ, ಉಯ್ಯಾಲೆ ಜೀಕುವಾಗ ಹುಟ್ಟುವ ನಾದಗಳು. ಕಚೇರಿಯ ಉರ್ದುವೂ ಪಾಂಡಿತ್ಯದ ಸಂಸ್ಕೃತವೂ ಅವರ ಕಿವಿಯಿಂದ ಅವನ್ನು ಅಳಿಸಲಿಲ್ಲ.

ಶಿಶುಗೀತೆಗಳ ಹಿರಿಯಜ್ಜ ಪಂಜೆ ಮಂಗೇಶರಾಯರು 1934ರ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿ ಬಂದದ್ದು ನಮ್ಮ ಪಕ್ಕದ ರಾಯಚೂರಿಗೆ ಎಂಬುದನ್ನೂ ಇಲ್ಲಿ ನೆನೆಯಬೇಕು. ಉರ್ದು ಆಡಳಿತದ ಸೀಮೆಯಲ್ಲಿ ಕನ್ನಡದ ಸಮ್ಮೇಳನ, ಅದಕ್ಕೆ ಮಕ್ಕಳ ಕವಿ ಅಧ್ಯಕ್ಷ. ಧಾರವಾಡದ ಬೇಂದ್ರೆಯವರು ತಾಯಿಯ ಹೆಸರನ್ನು ಮುಂದಿಟ್ಟುಕೊಂಡು ‘ಅಂಬಿಕಾತನಯದತ್ತ’ರಾದರು. ತಮ್ಮ ನುಡಿಯ ಮೂಲ ಎಲ್ಲಿದೆಯೆಂದು ದೊಡ್ಡ ಕವಿಗಳು ಬಲ್ಲರು. ತಿಳಿಯದವರು ನಾವು, ಅಧ್ಯಯನಕಾರರು.

ರಷ್ಯದ ಮಕ್ಕಳಿಗೆ ಉಳಿದದ್ದು

ಹೋಲಿಕೆಗಾಗಿ ದೂರದ ಒಂದು ದೇಶವನ್ನು ನೋಡೋಣ. ಸೋವಿಯತ್ ರಷ್ಯದ ದೂರದರ್ಶನದಲ್ಲಿ 1964ರಲ್ಲಿ ಮಕ್ಕಳನ್ನು ಮಲಗಿಸುವ ಕಾರ್ಯಕ್ರಮವೊಂದು ಆರಂಭವಾಯಿತು. ದಣಿದ ಆಟಿಕೆಗಳು ಮಲಗಿವೆ, ನೀನೂ ಮಲಗು ಎಂಬ ಭಾವದ ಅದರ ಹಾಡಿಗೆ ಜೋಯಾ ಪೆತ್ರೋವಾ ಮಾತು ಬರೆದರು, ಅರ್ಕಾದಿ ಒಸ್ತ್ರೋವ್‌ಸ್ಕಿ ರಾಗ ಹಾಕಿದರು. ಆ ಮಕ್ಕಳು ಇಂದು ಅಜ್ಜಂದಿರಾಗಿದ್ದಾರೆ. ಯಾವ ದೇಶದಲ್ಲಿ ನೆಲೆಸಿದ್ದರೂ ಅದರ ಮೊದಲ ಸ್ವರ ಕೇಳಿದೊಡನೆ ತಾಯಿಯ ಮಗ್ಗುಲು ಅವರಿಗೆ ನೆನಪಾಗುತ್ತದೆ. ವ್ಲಾದಿಮಿರ್ ಶಾಯಿನ್‌ಸ್ಕಿಯಂಥ ಸಂಗೀತಗಾರರು ಮಕ್ಕಳ ಚಿತ್ರಗಳಿಗೆ ಕಟ್ಟಿದ ಹಾಡುಗಳೂ ಅಂಥವೇ. ಅದಕ್ಕೂ ಹಿಂದಿನ ಜನಪದ ಜೋಗುಳದಲ್ಲಿ, ಮಂಚದ ಅಂಚಿನಲ್ಲಿ ಮಲಗಬೇಡ, ಬೂದು ತೋಳ ಬಂದೀತು ಎಂಬ ಎಚ್ಚರಿಕೆಯಿದೆ. ನಮ್ಮ ತಾಯಂದಿರು ಗುಮ್ಮನನ್ನು ಕರೆದಂತೆಯೇ ಅದು. ಲೆರ್ಮಂತೋವ್ ಕವಿ 1838ರಲ್ಲಿ ಬರೆದ ‘ಕೊಸಾಕ್ ಜೋಗುಳ’ದಲ್ಲಂತೂ ತಾಯಿ ಕೂಸನ್ನು ತೂಗುತ್ತಲೇ ಅದು ಬೆಳೆದು ಯುದ್ಧಕ್ಕೆ ಹೊರಡುವ ದಿನವನ್ನು ಕಂಡು ಮುಂಗಡವಾಗಿ ಅಳುತ್ತಾಳೆ.

ರಷ್ಯದ ಮಕ್ಕಳ ಪುಸ್ತಕಗಳು ನಮ್ಮ ನಾಡಿಗೂ ಬಂದವು. ಮಾಸ್ಕೋದಲ್ಲಿ ಅಚ್ಚಾದ ಬಣ್ಣದ ಚಿತ್ರಗಳ ಪುಸ್ತಕಗಳನ್ನು ನವಕರ್ನಾಟಕದ ಮಳಿಗೆಗಳಲ್ಲಿ ಕೊಂಡ ತಲೆಮಾರು ಇನ್ನೂ ಇದೆ. ಪುಸ್ತಕ ಬಂತು, ಹಾಡು ಬರಲಿಲ್ಲ. ಅಚ್ಚಾದುದು ಕಡಲು ದಾಟಬಲ್ಲದು; ದನಿ ದಾಟಬೇಕಾದರೆ ಯಾರಾದರೂ ಹಾಡಬೇಕು, ಇಲ್ಲವೆ ಮುದ್ರಿಸಿಕೊಂಡಿರಬೇಕು. ರಷ್ಯದವರ ಹಂಬಲಕ್ಕೆ ಆಧಾರವಾಗಿ ಧ್ವನಿಮುದ್ರಿಕೆಗಳಿವೆ, ಹಾಡು ಕಟ್ಟಿದವರ ಹೆಸರಿದೆ, ದಿನಾಂಕವಿದೆ. ಮರಳಿ ಹೋಗಲು ಒಂದು ಜಾಗ ಇದ್ದರೆ ತಾನೆ ಹಂಬಲ? ನಮ್ಮ ಸೀಮೆಯ ಜೋಗುಳಕ್ಕೆ ಆ ಜಾಗವೇ ಇಲ್ಲ. ಹಾಡಿದವಳು ಹೋದ ದಿನ ಹಾಡೂ ಹೋಯಿತು.

ಹಾಗೆಂದು ರಷ್ಯದ ದಾರಿಯನ್ನೇ ಮಾದರಿಯೆಂದು ನಾನು ಹೇಳಲಾರೆ. ಒಂದು ದೂರದರ್ಶನ ಕೇಂದ್ರದಿಂದ ಇಡೀ ದೇಶಕ್ಕೆ ಒಂದೇ ಹಾಡು; ಅದರ ಲಾಭವೂ ಅದೇ, ನಷ್ಟವೂ ಅದೇ. ನಮ್ಮಲ್ಲಿ ಇದಕ್ಕೆ ವಿರುದ್ಧ. ಒಣಬೇಸಾಯದ ಕುಷ್ಟಗಿ, ಯಲಬುರ್ಗಾಗಳಲ್ಲಿ ಒಂದು ಧಾಟಿ. ತುಂಗಭದ್ರೆಯ ಕಾಲುವೆ ಬಂದ ಮೇಲೆ ಗಂಗಾವತಿಯ ಭತ್ತದ ಬಯಲಿನ ಕ್ಯಾಂಪುಗಳಲ್ಲಿ ನೆಲೆಸಿದ ಆಂಧ್ರದ ಕುಟುಂಬಗಳಲ್ಲಿ ತೆಲುಗಿನ ಲಾಲಿ. ಮುಸಲ್ಮಾನರ ಮನೆಗಳಲ್ಲಿ ಲೋರಿ. ತಾಂಡಾಗಳಲ್ಲಿ ಲಂಬಾಣಿ ನುಡಿಯ ಹಾಡು. ಇಷ್ಟು ವೈವಿಧ್ಯ ಇರುವಲ್ಲಿ ಒಂದನ್ನು ಆರಿಸಿ ‘ಜಿಲ್ಲೆಯ ಜೋಗುಳ’ವೆಂದು ಮೆರೆಸುವುದು ತಪ್ಪಾದೀತು.

ತೊಟ್ಟಿಲು ಉಳಿಯಿತು

ಕೊಪ್ಪಳ ತಾಲ್ಲೂಕಿನ ಕಿನ್ನಾಳದ ಚಿತ್ರಗಾರರು ಹಗುರವಾದ ಮರವನ್ನು ಕೆತ್ತಿ, ಹುಣಸೆಬೀಜದ ಅಂಟಿನಿಂದ ಹದಗೊಳಿಸಿ, ಮೇಲೆ ಬಣ್ಣ ಬರೆದು ಮಾಡುವ ಬೊಂಬೆಗಳೂ ತೊಟ್ಟಿಲುಗಳೂ ಪ್ರಸಿದ್ಧವಾದವು. ಆ ಕಲೆಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಇದು ಸಂತೋಷದ ಸಂಗತಿ. ಆ ಕುಶಲಕರ್ಮಿಗಳಿಗೆ ಅದು ಅನ್ನದ ದಾರಿ. ಆದರೆ ತೊಟ್ಟಿಲಿಗೆ ಮುದ್ರೆ ಒತ್ತಿದ ನಾವು ತೊಟ್ಟಿಲನ್ನು ತೂಗಿದ ಹಾಡನ್ನು ಕೇಳಿಸಿಕೊಳ್ಳಲಿಲ್ಲ. ಕಣ್ಣಿಗೆ ಕಾಣುವ, ಮಾರಾಟವಾಗುವ ವಸ್ತು ಪರಂಪರೆಯೆನಿಸಿಕೊಂಡಿತು. ಕಿವಿಗೆ ಮಾತ್ರ ಸಿಗುವುದು ಪರಂಪರೆಯ ಲೆಕ್ಕಕ್ಕೆ ಬರಲಿಲ್ಲ.

ಸಂಗ್ರಹವೇ ನಡೆದಿಲ್ಲವೆಂದಲ್ಲ. 1931ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಪ್ರಕಟಿಸಿ, ಹೆಂಗಸರ ತ್ರಿಪದಿಗಳು ಎಂಥ ಕಾವ್ಯವೆಂಬುದನ್ನು ನಾಡಿಗೆ ತೋರಿಸಿಕೊಟ್ಟರು. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿರುವ ತ್ರಿಪದಿಯೇ ಬೀಸುವ ಕಲ್ಲಿನ ಮುಂದೆಯೂ ಬದುಕಿತ್ತು ಎಂಬ ಅರಿವು ನಮಗೆ ಇಂಥ ಸಂಗ್ರಹಗಳಿಂದ ಬಂದುದು. ಆ ಋಣವನ್ನು ಮರೆಯುವಂತಿಲ್ಲ. ಆದರೆ ಅಚ್ಚಿಗೆ ಬಂದುದು ಮಾತು ಮಾತ್ರ. ಜೋಗುಳದಲ್ಲಿ ಮಾತು ಅರ್ಧದಷ್ಟೂ ಅಲ್ಲ. ಉಸಿರು ಎಲ್ಲಿ ನಿಲ್ಲುತ್ತದೆ, ಕೂಸು ಕಣ್ಣು ಮುಚ್ಚುತ್ತ ಬಂದಂತೆ ಲಯ ಹೇಗೆ ಇಳಿಯುತ್ತದೆ, ಮಾತು ಮುಗಿದ ಮೇಲೆ ಬರಿಯ ಗುನುಗು ಎಷ್ಟು ಹೊತ್ತು ಉಳಿಯುತ್ತದೆ ಎಂಬುದನ್ನು ಅಚ್ಚು ಹಿಡಿದಿಡಲಾರದು.

ವಿಜ್ಞಾನವೂ ಈ ಕಡೆಗೇ ಬೆರಳು ತೋರಿಸುತ್ತದೆ. 1980ರಲ್ಲಿ ಡಿಕ್ಯಾಸ್ಪರ್ ಮತ್ತು ಫೈಫರ್ ಎಂಬ ಸಂಶೋಧಕರು, ಹುಟ್ಟಿ ಮೂರು ದಿನ ತುಂಬದ ಶಿಶುಗಳೂ ಬೇರೆ ಹೆಂಗಸಿನ ದನಿಗಿಂತ ತಾಯಿಯ ದನಿಯನ್ನೇ ಬಯಸಿ ಕೇಳುತ್ತವೆಂದು ತೋರಿಸಿದರು. 2020ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದ ಪ್ರಕಾರ, ತಮಗೆ ತಿಳಿಯದ ಪರಭಾಷೆಯ ಜೋಗುಳಗಳಿಂದಲೂ ಶಿಶುಗಳ ಎದೆಬಡಿತ ಶಾಂತವಾಗುತ್ತದೆ. ಅಂದರೆ ಯಲಬುರ್ಗಾದ ಕೂಸನ್ನು ರಷ್ಯನ್ ಜೋಗುಳವೂ ಮಲಗಿಸೀತು. ನಿದ್ದೆ ಬರಿಸಲು ಯಾವ ಜೋಗುಳವಾದರೂ ಸಾಕು. ಆದರೆ ಅರುವತ್ತು ವರ್ಷವಾದ ಮೇಲೆ ಮನುಷ್ಯನೊಳಗೆ ಮರಳಿ ಏಳುವುದು ತನ್ನ ತಾಯಿ ಹಾಡಿದ್ದು ಮಾತ್ರ.

ಎರಡು ಆಕ್ಷೇಪಗಳು

ಇಂಥ ಮಾತನ್ನು ಆಡಿದಾಗಲೆಲ್ಲ ಗೆಳೆಯರು ಎರಡು ಆಕ್ಷೇಪ ಎತ್ತುತ್ತಾರೆ. ಮೊಬೈಲಿನಲ್ಲಿ ಸಾವಿರ ಜೋಗುಳ ಸಿಗುವಾಗ ತಾಯಿ ಏಕೆ ಗಂಟಲು ನೋಯಿಸಿಕೊಳ್ಳಬೇಕು ಎಂಬುದು ಮೊದಲನೆಯದು. ಕೂಲಿಗಾಗಿ ಗೋವೆಗೆ, ಮಂಗಳೂರಿಗೆ, ಬೆಂಗಳೂರಿಗೆ ಗುಳೆ ಹೋಗುವ ಕುಷ್ಟಗಿ, ಯಲಬುರ್ಗಾದ ಹೆಣ್ಣುಮಗಳು ಕಟ್ಟಡದ ಕಂಬಕ್ಕೆ ಸೀರೆಯ ಜೋಲಿ ಕಟ್ಟಿ ಕೂಸನ್ನು ಮಲಗಿಸಿ ಇಟ್ಟಿಗೆ ಹೊರುತ್ತಾಳೆ. ಅವಳಿಗೆ ಹಾಡಲು ಪುರುಸೊತ್ತಿಲ್ಲ. ಮೊಬೈಲು ಹಾಡಿದರೆ ಅವಳನ್ನು ದೂರಲು ನಾನು ಯಾರು? ನನ್ನ ಉತ್ತರ ಇಷ್ಟೇ: ಮೊಬೈಲು ಕೂಸಿನ ಅಳುವನ್ನು ಕೇಳಿ ಲಯ ಬದಲಿಸುವುದಿಲ್ಲ. ಜೋಗುಳವು ಇಬ್ಬರು ಕೂಡಿ ಹಾಡುವ ಹಾಡು, ಅದರಲ್ಲಿ ಕೂಸಿನ ಪಾಲೂ ಇದೆ. ಅದೂ ಅಲ್ಲದೆ, ಹಾಡುವವಳು ಯಾವಾಗಲೂ ತಾಯಿಯೇ ಆಗಿರಲಿಲ್ಲ. ತಾಯಿ ಹೊಲಕ್ಕೆ ಹೋದಾಗ ಜೋಲಿ ತೂಗಿದವರು ಅಜ್ಜಿಯರು, ಶಾಲೆ ಬಿಟ್ಟು ಮನೆಯಲ್ಲಿ ಉಳಿದ ಅಕ್ಕಂದಿರು. ಜೋಗುಳದ ಚರಿತ್ರೆಯನ್ನು ಬರೆಯುವವರು ಶಾಲೆ ತಪ್ಪಿದ ಆ ಅಕ್ಕನ ಚರಿತ್ರೆಯನ್ನೂ ಬರೆಯಬೇಕಾಗುತ್ತದೆ.

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದುದು. ಈ ಹಾಡುಗಳಲ್ಲಿ ಗಂಡುಮಗುವಿನ ಹಂಬಲವಿದೆ, ಬಂಗಾರದ ಆಸೆಯಿದೆ, ಜಾತಿಯ ಹೆಮ್ಮೆಯಿದೆ, ಇವನ್ನು ಉಳಿಸುವುದೇಕೆ? ಇದ್ದುದು ನಿಜ. ಆದರೆ ಅದೇ ಹಾಡಿನೊಳಗೆ ಅತ್ತೆಯ ಮನೆಯ ನೋವು, ತವರಿನ ನೆನಪು, ಮಳೆ ಬಾರದ ವರ್ಷದ ಅಂಜಿಕೆಗಳೂ ಇವೆ. ಬೇರೆ ಯಾರ ಮುಂದೆಯೂ ಹೇಳಲಾಗದ್ದನ್ನು ಅವಳು ಮಾತು ಬಾರದ ಕೂಸಿನ ಮುಂದೆ ಹೇಳಿಕೊಂಡಳು. ಕೇಳಿಸಿಕೊಂಡವರು ಜೋಗುಳವೆಂದುಕೊಂಡರು. ಶಾಸನಗಳನ್ನು ಓದುವಾಗ ನಾವು ದಾನಿಯ ಪ್ರಶಸ್ತಿಯನ್ನೂ ಯುದ್ಧದ ಕ್ರೌರ್ಯವನ್ನೂ ಒಟ್ಟಿಗೇ ಓದುತ್ತೇವೆ. ಕ್ರೌರ್ಯವಿದೆಯೆಂದು ಕಲ್ಲನ್ನು ಒಡೆಯುವುದಿಲ್ಲ. ಜೋಗುಳಕ್ಕೂ ಅದೇ ನ್ಯಾಯ ಸಲ್ಲಬೇಕು.

ಮಾಡಬೇಕಾದುದು

ರಷ್ಯದ ಕೊರ್ನೇಯ್ ಚುಕೋವ್‌ಸ್ಕಿ ಮಕ್ಕಳ ನುಡಿಯನ್ನು ಕುರಿತು ‘ಎರಡರಿಂದ ಐದರವರೆಗೆ’ ಎಂಬ ಗ್ರಂಥ ಬರೆದವರು. ಅದಕ್ಕೆ ಬೇಕಾದ ಸಾಮಗ್ರಿಯ ಬಹುಭಾಗ ಅವರಿಗೆ ಒದಗಿದ್ದು ತಾಯಿತಂದೆಯರು ಬರೆದ ಪತ್ರಗಳಿಂದ. ನಾಲ್ಕು ವರ್ಷದ ಬಾಲಕನೊಬ್ಬ ಕಟ್ಟಿದ ಸಾಲುಗಳು ಆ ಪುಸ್ತಕದಲ್ಲಿ ಉಳಿದು, ಮುಂದೆ 1962ರ ಪ್ರಸಿದ್ಧ ಹಾಡೊಂದಕ್ಕೆ ಪಲ್ಲವಿಯಾದವು. ಈ ವಿಧಾನ ನಮಗೂ ಸಾಧ್ಯವಾದುದು. ಇದಕ್ಕೆ ದೊಡ್ಡ ಯೋಜನೆ, ಅನುದಾನ, ಸಮಿತಿ ಬೇಕಿಲ್ಲ.

ಈ ನಾಲ್ಕು ತಾಲ್ಲೂಕುಗಳಿಂದ ಕನ್ನಡ ಎಂ.ಎ. ಓದುವ ಪ್ರತಿಯೊಬ್ಬ ವಿದ್ಯಾರ್ಥಿಯೂ ರಜೆಯಲ್ಲಿ ಊರಿಗೆ ಹೋದಾಗ ತನ್ನ ತಾಯಿಯ, ಅಜ್ಜಿಯ ಒಂದು ಜೋಗುಳವನ್ನು ಅವರ ಒಪ್ಪಿಗೆ ಪಡೆದು ಧ್ವನಿಮುದ್ರಿಸಲಿ. ಜೊತೆಗೆ ಐದು ಪ್ರಶ್ನೆ ಕೇಳಲಿ: ಹಾಡನ್ನು ಯಾರಿಂದ ಕಲಿತಿರಿ, ತವರೂರು ಯಾವುದು, ಮೊದಲು ಯಾವ ಕೂಸಿಗೆ ಹಾಡಿದಿರಿ, ಯಾವ ಮಾತನ್ನು ನೀವೇ ಸೇರಿಸಿದಿರಿ, ಯಾವಾಗ ಹಾಡುವುದನ್ನು ನಿಲ್ಲಿಸಿದಿರಿ. ತವರೂರಿನ ಪ್ರಶ್ನೆ ಮುಖ್ಯವಾದುದು. ಜೋಗುಳದ ಭೂಪಟ ಕಂದಾಯ ಇಲಾಖೆಯ ತಾಲ್ಲೂಕಿನ ಭೂಪಟವಲ್ಲ. ಹೆಣ್ಣುಮಕ್ಕಳು ಮದುವೆಯಾಗಿ ಊರಿಂದೂರಿಗೆ ಹೋದ ದಾರಿಗಳ ಭೂಪಟ ಅದು. ಕುಷ್ಟಗಿಯ ಹಾಡು ಗಂಗಾವತಿಗೆ ಹೋದದ್ದು ಸೊಸೆಯ ಜೊತೆಗೆ. ಇಂಥ ಇನ್ನೂರು ಮುದ್ರಿಕೆಗಳು ಒಂದೆಡೆ ಕೂಡಿದರೆ, ಇದುವರೆಗೆ ನಮ್ಮಲ್ಲಿ ಇಲ್ಲದ ಒಂದು ಆಕರ ನಿರ್ಮಾಣವಾಗುತ್ತದೆ.

ಇದನ್ನು ಬರೆಯುವ ನಾನೇ ಈ ಕೆಲಸ ಮಾಡಲಿಲ್ಲ. ಶಾಸನಗಳ ಪಡಿಯಚ್ಚು ತೆಗೆಯಲು ಬಂಡೆಗಳನ್ನು ಹತ್ತಿದೆ. ತಾಳೆಗರಿಯ ಒಂದು ಅಕ್ಷರಕ್ಕಾಗಿ ದಿನಗಟ್ಟಲೆ ಕುಳಿತೆ. ನನ್ನ ಅವ್ವ ಹಾಡುತ್ತಿದ್ದ ಹಾಡನ್ನು ಒಮ್ಮೆಯೂ ಬರೆದುಕೊಳ್ಳಲಿಲ್ಲ. ಅದು ಎಂದಿಗೂ ಇರುತ್ತದೆಂದು ಭಾವಿಸಿದ್ದೆ. ಈಗ ಧಾಟಿ ಮಾತ್ರ ಕಿವಿಯಲ್ಲಿದೆ. ಮೊದಲ ಎರಡು ಸಾಲುಗಳ ಆಚೆಗೆ ಮಾತು ನೆನಪಾಗುವುದಿಲ್ಲ, ಕೇಳಲು ಯಾರೂ ಉಳಿದಿಲ್ಲ. ತ್ರುಟಿತ ಶಾಸನಗಳನ್ನು ಪೂರಣ ಮಾಡುವುದನ್ನು ನಾನು ಕಲಿತಿದ್ದೇನೆ. ಇದನ್ನು ಪೂರಣ ಮಾಡುವ ವಿದ್ಯೆ ನನಗೆ ತಿಳಿಯದು.

ಓದುತ್ತಿರುವ ವಿದ್ಯಾರ್ಥಿಗಳಲ್ಲಿ ಹಲವರ ತಾಯಂದಿರು, ಕೆಲವರ ಅಜ್ಜಿಯಂದಿರು ಇನ್ನೂ ಇದ್ದಾರೆ. ಮುಂದಿನ ರಜೆಗೆ ಊರಿಗೆ ಹೋದಾಗ ಅವರ ಬಳಿ ಕುಳಿತು ಕೇಳಿ. ಮರೆತೇನೆ ಎಂದು ಅವರು ನಾಚಿಕೊಂಡಾರು; ಮೊದಲ ಸಾಲನ್ನು ನೀವೇ ಗುನುಗಿ, ಉಳಿದುದು ಅವರ ಬಾಯಿಂದ ಬಂದೀತು.